ಸುಂಕ ಇಲ್ಲ, ನಾಕಾ ಇದೆ

ಚಿಂಚೋಳಿ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು, ಈಗ ಎಂಟು ಎಕರೆ ತೊಗರಿ ಮಾಡಿಕೊಂಡಿರುವವರು, ಬರೆದ ಕಾಗದದ ತಿರುಳು ಇದು: "ಹೋದ ಸಂಚಿಕೆಯಾಗ ಬ್ರಿಟನ್ 2016ರಲ್ಲಿ ಐರೋಪ್ಯ ಒಕ್ಕೂಟ ಬಿಟ್ಟಿತು ಅಂತ ಬರೆದೀರಿ. ಒಂದೇ ವೋಟಿಗೆ ಬಿಟ್ಟು ಬಂದ್ರಲ್ಲ, ನಾವ್ಯಾಕ ಹೊರದೇಶದ ಒಪ್ಪಂದ ಎಲ್ಲಾ ಹರಿದು ಒಗೀಬಾರದು? ಆಫ್ರಿಕಾದ ತೊಗರಿ ನಿಂತರ ಗಂಜಿನಾಗ ನಮ್ಮ ಮಾಲಿಗೆ ರೇಟ್ ಬರ್ತದ. ಮತ್ತ, ಸುಂಕನೇ ಇಲ್ಲದಂಗ ಮಾತಾಡಿಕೊಂಡ ಮ್ಯಾಲ ಬ್ರಿಟನ್ನಿಗೆ ಲುಕ್ಸಾನು ಹೆಂಗಾತು?"

ಮಾಸ್ತರರೇ, ನಮಸ್ಕಾರ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. 2016ರ ಜೂನ್ 23ರಂದು ಬ್ರಿಟನ್ ಬಿಟ್ಟದ್ದಲ್ಲ. ಬಿಡಬೇಕೆಂದು ನೂರಕ್ಕೆ 52 ಮಂದಿ ವೋಟು ಹಾಕಿದರು, ಅಷ್ಟೇ. ಹೊರಬಿದ್ದದ್ದು 2020ರ ಜನವರಿ 31ಕ್ಕೆ. ಹಳೆಯ ನಿಯಮಗಳು ಕಳಚಿದ್ದು ಅದೇ ವರ್ಷದ ಕೊನೆಯ ರಾತ್ರಿ. ನಾಲ್ಕೂವರೆ ವರ್ಷವನ್ನು ನಮ್ಮ ಪತ್ರಿಕೆ ಒಂದು ವಾಕ್ಯದಲ್ಲಿ ನುಂಗಿಬಿಟ್ಟಿತು. ಪ್ರೂಫ್ ನೋಡಿದವನು ನಾನೇ.

ಕತೆಯೆಲ್ಲ ಇರುವುದು ಆ ನಾಲ್ಕೂವರೆ ವರ್ಷದಲ್ಲೇ. ಒಕ್ಕೂಟದ ಒಪ್ಪಂದದಲ್ಲಿ 50ನೇ ವಿಧಿ ಅಂತ ಒಂದಿದೆ. ಬಿಡುವ ದೇಶ ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷ. ಅಷ್ಟರಲ್ಲಿ ಮಾತು ಮುಗಿಯದಿದ್ದರೆ, ಉಳಿದವರೆಲ್ಲ ಒಪ್ಪಿ ಗಡುವು ಮುಂದೂಡಿದರೆ ಸರಿ, ಇಲ್ಲದಿದ್ದರೆ ಬರಿಗೈಯಲ್ಲಿ ಹೊರಗೆ. ಪ್ರಧಾನಿ ಥೆರೆಸಾ ಮೇ 2017ರ ಮಾರ್ಚ್ 29ರಂದು ನೋಟಿಸ್ ಕೊಟ್ಟರು. ತಮಗೇನು ಬೇಕೆಂದು ಸ್ವಂತ ಮಂತ್ರಿಗಳಲ್ಲೇ ಒಮ್ಮತ ಆಗುವ ಮೊದಲು ಕೊಟ್ಟರು ಎಂಬುದು ನನ್ನ ತಕರಾರು. ಗಂಜಿನಲ್ಲಿ ಮಾಲು ಇಳಿಸಿ, ಗಾಡಿ ವಾಪಸ್ ಕಳಿಸಿ, ಆಮೇಲೆ ಅಡತಿ ಅಂಗಡಿಯಲ್ಲಿ ರೇಟ್ ಕೇಳಿದವನ ಪಾಡು ನಿಮಗೆ ನಾನು ಹೇಳಬೇಕಿಲ್ಲ.

ಆ ಕಡೆ ಕೂತವರು ಫ್ರಾನ್ಸಿನ ಮಿಷೆಲ್ ಬಾರ್ನಿಯೆ. 27 ದೇಶಗಳಿಗೆ ಒಂದೇ ಬಾಯಿ. ಮೊದಲು ಹಳೆ ಬಾಕಿ, ಅತ್ತಿತ್ತ ನೆಲೆಸಿದ ಜನರ ಹಕ್ಕು, ಐರ್ಲೆಂಡಿನ ಗಡಿ. ವ್ಯಾಪಾರದ ಮಾತು ಆಮೇಲೆ ಎಂದು ಅವರು ಪಟ್ಟು ಹಿಡಿದರು. ಮಾತುಕತೆಯ ಮೊದಲ ದಿನವೇ ಬ್ರಿಟನ್ ತಲೆಯಾಡಿಸಿತು. ಬಾಕಿ ಲೆಕ್ಕ ಹೇಗೋ ಬಗೆಹರಿಯಿತು. ಕುತ್ತಿಗೆಗೆ ಬಂದದ್ದು ಐರ್ಲೆಂಡ್. ಉತ್ತರ ಐರ್ಲೆಂಡ್ ಬ್ರಿಟನ್ನಿನದು, ದಕ್ಷಿಣದ ಗಣರಾಜ್ಯ ಒಕ್ಕೂಟದ್ದು, ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಮೂವತ್ತು ವರ್ಷದ ರಕ್ತಪಾತ ನಿಂತದ್ದು 1998ರ ಒಪ್ಪಂದದಿಂದ; ಅಂದಿನಿಂದ ಆ ಗಡಿ ಇದ್ದೂ ಇಲ್ಲದಂತಿತ್ತು. ಈಗ ಅಲ್ಲಿ ನಾಕಾ ಹಾಕಿದರೆ ಶಾಂತಿಗೆ ಪೆಟ್ಟು, ಹಾಕದಿದ್ದರೆ ಒಕ್ಕೂಟದ ಮಾರುಕಟ್ಟೆಗೆ ಹಿಂಬಾಗಿಲು ತೆರೆದಂತೆ. ಥೆರೆಸಾ ಮೇ ತಂದ ಕರಾರನ್ನು 2019ರ ಜನವರಿ 15ರಂದು ಅವರದೇ ಸಂಸತ್ತು 432-202ರಿಂದ ಬಿಸಾಡಿತು. ಇನ್ನೂ ಎರಡು ಸಲ ತಂದರು, ಎರಡೂ ಸಲ ಬಿತ್ತು. ನಂತರ ಬಂದ ಬೋರಿಸ್ ಜಾನ್ಸನ್ ನಾಕಾವನ್ನು ನೆಲದಿಂದ ಎತ್ತಿ ಸಮುದ್ರದ ಮೇಲಿಟ್ಟರು. ಅಂದರೆ ಲಿವರ್‌ಪೂಲಿನಿಂದ ಬೆಲ್‌ಫಾಸ್ಟಿಗೆ, ಒಂದೇ ದೇಶದೊಳಗೆ ಹೋಗುವ ಮಾಲಿಗೂ ಕಾಗದಪತ್ರ. 2023ರಲ್ಲಿ ರಿಷಿ ಸುನಕ್ ಆ ಹೊರೆಯನ್ನು ಕೊಂಚ ಇಳಿಸಿದರು.

ಇನ್ನು ಲುಕ್ಸಾನಿನ ಪ್ರಶ್ನೆ. 2020ರ ಡಿಸೆಂಬರ್ 24ರ ವ್ಯಾಪಾರ ಒಪ್ಪಂದದಲ್ಲಿ ಸುಂಕ ಸೊನ್ನೆ, ನಿಜ. ಆದರೆ ನಮ್ಮ ಅಜ್ಜನ ಒಂದು ವಹಿ ನನ್ನ ಬಳಿ ಇದೆ, ನಿಜಾಮರ ಕಾಲದ್ದು. ಹೈದರಾಬಾದ್ ಸಂಸ್ಥಾನಕ್ಕೆ ಆಗ ತನ್ನದೇ ನಾಣ್ಯ ಹಾಲಿ ಸಿಕ್ಕಾ, ತನ್ನದೇ ಸುಂಕದ ಕಚೇರಿ. ಜನ ಕರೋಡಗಿರಿ ಎನ್ನುತ್ತಿದ್ದರು. ಸೊಲ್ಲಾಪುರದಿಂದ ಬಂದ ಸೀರೆ ಗಂಟಿನ ಲೆಕ್ಕದಲ್ಲಿ ಅಜ್ಜ ಮಾಲಿನ ಬೆಲೆ ಬರೆದಿದ್ದಾರೆ, ಕೆಳಗೆ ಕರೋಡಗಿರಿ, ಅದರ ಕೆಳಗೆ ಇನ್ನೊಂದು ಸಾಲು: ನಾಕಾದಲ್ಲಿ ಎರಡು ದಿನ ನಿಂತ ಗಾಡಿ ಬಾಡಿಗೆ. ಬ್ರಿಟನ್ ಅಳಿಸಿದ್ದು ಕರೋಡಗಿರಿಯ ಸಾಲನ್ನು. ಆ ಕೆಳಗಿನ ಸಾಲು ಮೊದಲು ಇರಲೇ ಇಲ್ಲ, ಅದನ್ನು ತಾನೇ ಹೊಸದಾಗಿ ಬರೆದುಕೊಂಡಿತು.

ಕಡಲ ಚಿಪ್ಪುಜೀವಿಗಳ ವ್ಯಾಪಾರ ನೋಡಿ. ಬ್ರಿಟನ್ನಿನ ಬಹಳಷ್ಟು ತೀರಗಳವರು ಹಿಡಿದ ಮಾಲನ್ನು ಜೀವಂತವಾಗಿಯೇ ಯುರೋಪಿಗೆ ಕಳಿಸುತ್ತಿದ್ದರು, ಶುದ್ಧ ಮಾಡುವ ಕೆಲಸ ಅಲ್ಲಿ. ಹೊರದೇಶದ್ದಾದರೆ ಮೊದಲೇ ಶುದ್ಧ ಮಾಡಿರಬೇಕು ಎಂಬುದು ಒಕ್ಕೂಟದ ಹಳೆ ನಿಯಮ. 2021ರ ಜನವರಿಯಲ್ಲಿ ಬ್ರಿಟನ್ ಹೊರದೇಶವಾಯಿತು, ಶುದ್ಧ ಮಾಡದ ಮಾಲಿನ ವ್ಯಾಪಾರ ನಿಂತಿತು. ಮಾಂಸ, ಚೀಸ್ ಕಳಿಸಬೇಕೆಂದರೆ ಪಶುವೈದ್ಯರ ಸಹಿ ಇರುವ ಪ್ರಮಾಣಪತ್ರ. ಮಾಲು ಹುಟ್ಟಿದ್ದು ಎಲ್ಲಿ ಎಂಬುದಕ್ಕೆ ಪುರಾವೆ ಬೇರೆ. ಮೊಜಾಂಬಿಕ್ ತೊಗರಿಯನ್ನು ನಮ್ಮ ದಾಲ್ ಮಿಲ್ಲಿನಲ್ಲಿ ಒಡೆದ ಮಾತ್ರಕ್ಕೆ 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ಬೇಳೆ ಆಗಿಬಿಡುವುದಿಲ್ಲವಲ್ಲ, ಅದೇ ತಕರಾರು ಅಲ್ಲೂ. ದೊಡ್ಡ ಕಂಪನಿಗಳು ನಾಲ್ಕು ಗುಮಾಸ್ತರನ್ನು ಇಟ್ಟುಕೊಂಡವು. ಸಣ್ಣವರಲ್ಲಿ ಹಲವರು ಯುರೋಪಿನ ಸಹವಾಸವೇ ಬೇಡವೆಂದರು.

ಹೆದರಿಸಿದವರ ಮಾತೂ ಪೂರ್ತಿ ನಿಜವಾಗಲಿಲ್ಲ. ಬಿಡಬೇಕೆಂದು ವೋಟು ಬಿದ್ದ ತಕ್ಷಣ ಆರ್ಥಿಕ ಹಿಂಜರಿತ ಎಂದಿತ್ತು ಅಲ್ಲಿನ ಖಜಾನೆ ಇಲಾಖೆ. ಪೌಂಡ್ ಬಿತ್ತು, ಹಿಂಜರಿತ ಬರಲಿಲ್ಲ. ಪೆಟ್ಟು ಬಿದ್ದದ್ದು ಮೆಲ್ಲಗೆ. ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೀರ್ಘಾವಧಿಯಲ್ಲಿ ಉತ್ಪಾದಕತೆ ನೂರಕ್ಕೆ 4ರಷ್ಟು ಕಡಿಮೆ ಎಂಬುದು ಅವರದೇ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜು. ತನ್ನಿಷ್ಟದ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತು. ನಮ್ಮೊಂದಿಗೆ 2025ರ ಜುಲೈ 24ರಂದು ಸಹಿ ಹಾಕಿದ್ದು ಆ ಬಲದಿಂದಲೇ.

ಈಗ ನಿಮ್ಮ ಎಂಟು ಎಕರೆಗೆ ಬರೋಣ. ಭಾರತ ಯಾವ ಒಕ್ಕೂಟಕ್ಕೂ ಹಾಗೆ ಕಟ್ಟುಬಿದ್ದಿಲ್ಲ. ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ದೇಶಗಳ ದೊಡ್ಡ ವ್ಯಾಪಾರ ಕೂಟದ ಹೊಸ್ತಿಲವರೆಗೆ ಹೋಗಿ 2019ರ ನವೆಂಬರ್ 4ರಂದು ವಾಪಸ್ ಬಂದೆವು. ಒಳಗೆ ಹೋಗಿ ಸಂಸಾರ ಹೂಡಿರಲಿಲ್ಲ, ಹಾಗಾಗಿ ಬರುವುದು ಸಲೀಸಾಯಿತು. ತೊಗರಿ ಆಮದಿಗೆ 2017ರ ಆಗಸ್ಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿದ್ದು ದಿಲ್ಲಿ. 2021ರ ಮೇ ತಿಂಗಳಲ್ಲಿ ಬಾಗಿಲು ಪೂರ್ತಿ ತೆರೆದದ್ದೂ ದಿಲ್ಲಿಯೇ, ಒಂದು ಅಧಿಸೂಚನೆಯಿಂದ. ತೊಗರಿ ತರಿಸಲು ಮೊಜಾಂಬಿಕ್ ಜೊತೆ ಮಾಡಿಕೊಂಡ ತಿಳಿವಳಿಕೆ ಪತ್ರವನ್ನು ನೀವು ಹರಿದರೂ ಆ ಬಾಗಿಲು ತೆರೆದೇ ಇರುತ್ತದೆ. ರಾಶಿ ಆಗುವ ಹೊತ್ತಿಗೆ ಸರಿಯಾಗಿ ಹಡಗು ಬರುವುದೇಕೆ ಎಂಬ ನಿಮ್ಮ ಸಿಟ್ಟು ನನಗೂ ಇದೆ. ಆದರೆ ಅದನ್ನು ಲಂಡನ್ ಉದಾಹರಣೆಯ ಮೇಲೆ ಖರ್ಚು ಮಾಡಬೇಡಿ. ದಿಲ್ಲಿಯ ವಾಣಿಜ್ಯ ಮಂತ್ರಾಲಯಕ್ಕೊಂದು ಕಾಗದ ಬರೆಯಿರಿ, ಪ್ರತಿ ನಮಗೂ ಕಳಿಸಿ. ಅಚ್ಚು ಹಾಕುತ್ತೇವೆ. ಪ್ರೂಫ್ ಈ ಸಲ ಬೇರೆಯವರು ನೋಡುತ್ತಾರೆ.

— ಸಂ.