ಎನ್‌ಎಚ್‌ಎಲ್ ಐಸ್ ಹಾಕಿ ಟ್ರೇಡ್‌ನಲ್ಲಿ ಸಂಬಳದ ಮಿತಿ ಮತ್ತು ತಂಡದ ಆಳವನ್ನು ಹೇಗೆ ತೂಗುತ್ತಾರೆ?

ಉತ್ತರ ಅಮೆರಿಕದ ಈ ಲೀಗ್‌ನಲ್ಲಿ ತಂಡಗಳು ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವುದೇ ಟ್ರೇಡ್. 2025ರ ಜನವರಿಯಲ್ಲಿ ನಡೆದ ಫಾರ್ವರ್ಡ್ ಮಿಕ್ಕೋ ರಾಂಟನೆನ್‌ನ ಟ್ರೇಡ್ ನೋಡಿ. ಆ ಸೀಸನ್‌ನಲ್ಲಿ ಒಂದು ತಂಡದ ಒಟ್ಟು ಸಂಬಳದ ಮಿತಿ 8.8 ಕೋಟಿ ಡಾಲರ್, ಅದರಲ್ಲಿ ಅವನ ಪಾಲು 92.5 ಲಕ್ಷ. ಕೊಲೊರಾಡೊ ಅವನನ್ನು ಕ್ಯಾರೊಲಿನಾಗೆ ಕೊಟ್ಟು ನೆಚಾಸ್ (65 ಲಕ್ಷ) ಮತ್ತು ಡ್ರೂರಿಯನ್ನು (17.25 ಲಕ್ಷ) ಪಡೆಯಿತು. ಒಬ್ಬ ಹೋದ, ಇಬ್ಬರು ಬಂದರು. ಮೇಲೆ ಸುಮಾರು 10 ಲಕ್ಷ ಉಳಿತಾಯ. ಆಳ ಅಂದರೆ ಇದೇ: ಪಂದ್ಯಕ್ಕೆ 12 ಫಾರ್ವರ್ಡ್‌ಗಳು ಬೇಕು, ಕೆಳಗಿನ ಲೈನ್‌ಗೆ (ಒಟ್ಟಿಗೆ ಆಡುವ ಮೂವರು ಫಾರ್ವರ್ಡ್‌ಗಳ ಗುಂಪು) ಡ್ರೂರಿಯಂಥ ನಂಬಿಕಸ್ಥ ಸೆಂಟರ್ ಸಿಗುವುದು ಸಣ್ಣ ಮಾತಲ್ಲ.

ಕ್ಯಾರೊಲಿನಾಗೆ ಜೊತೆಗೆ 60 ಲಕ್ಷದ ಟೇಲರ್ ಹಾಲ್ ಕೂಡ ಬಂದ. ಇದೆಲ್ಲ ಮಿತಿಯೊಳಗೆ ಹೊಂದಿದ್ದು ಮೂರನೇ ತಂಡದ ನೆರವಿನಿಂದ: ಒಂದು ಡ್ರಾಫ್ಟ್ ಪಿಕ್‌ಗಾಗಿ (ಹೊಸ ಆಟಗಾರನನ್ನು ಆರಿಸುವ ಹಕ್ಕು) ಶಿಕಾಗೊ ರಾಂಟನೆನ್‌ನ ಸಂಬಳದ ಅರ್ಧ ಹೊತ್ತುಕೊಂಡಿತು. ಒಬ್ಬ ಆಟಗಾರನ ಮೇಲೆ ಒಂದು ತಂಡ ಗರಿಷ್ಠ 50% ಹೊರಬಹುದು, ಏಕಕಾಲಕ್ಕೆ ಮೂರು ಒಪ್ಪಂದಗಳಷ್ಟೇ.

ಬಹಳ ಜನ ಎಡವುವುದು ದಿನದ ಲೆಕ್ಕದಲ್ಲಿ. ಮಿತಿಯಲ್ಲಿ ಸಂಬಳವನ್ನು ದಿನದಿನಕ್ಕೆ ಲೆಕ್ಕ ಹಾಕುತ್ತಾರೆ, ಬಳಸದ ಭಾಗ ಕೂಡುತ್ತಾ ಹೋಗುತ್ತದೆ. ಮೊದಲಿನಿಂದ 10 ಲಕ್ಷ ಖಾಲಿ ಇಟ್ಟ ತಂಡ, ಕಾಲು ಸೀಸನ್ ಬಾಕಿಯಿದ್ದಾಗ 40 ಲಕ್ಷದವನನ್ನು ತರಬಹುದು. ಹಾಗಾಗಿ ಸೀಸನ್ ಶುರುವಾಗುವ ಅಕ್ಟೋಬರ್‌ನಲ್ಲೇ ಮಿತಿಯನ್ನು ಪೂರ್ತಿ ತುಂಬಿಸಬಾರದು.

ಒಪ್ಪಂದದ ಅವಧಿಯನ್ನಂತೂ ಮರೆಯಲೇಬಾರದು. ರಾಂಟನೆನ್‌ನದು ಆ ಬೇಸಿಗೆಗೇ ಮುಗಿಯುತ್ತಿತ್ತು. ಹೊಸ ಒಪ್ಪಂದ ಕುದುರದೆ, ಮಾರ್ಚ್‌ನಲ್ಲೇ ಕ್ಯಾರೊಲಿನಾ ಅವನನ್ನು ಡಲ್ಲಾಸ್‌ಗೆ ಬಿಟ್ಟುಕೊಟ್ಟಿತು.