ತಳ್ಳಿದವನು ಯಾರೆಂದು ಮೊದಲೇ ಹೇಳಿಬಿಡಿ

ಶಹಾಬಾದಿನ ಓದುಗರೊಬ್ಬರು ತಾವು ಬರೆಯುತ್ತಿರುವ ಅಪರಾಧ ಕಾದಂಬರಿಯ ಕತೆ ಕಳಿಸಿದ್ದಾರೆ. 1993ರ ಅನಂತ ಚತುರ್ದಶಿಯ ರಾತ್ರಿ ಗಣಪತಿ ಕಳಿಸಿದ ಮೇಲೆ, ನೀರು ತುಂಬಿದ ಹಳೇ ಕಲ್ಲಿನ ಖಣಿಯ ದಂಡೆಯಲ್ಲಿ 13 ವರ್ಷದ ನಾಲ್ವರು ಗೆಳೆಯರು ಪಟ್ಟಿ ದುಡ್ಡಿಗಾಗಿ ಜಗಳಾಡುತ್ತಾರೆ. ಒಬ್ಬ ಇನ್ನೊಬ್ಬನನ್ನು ತಳ್ಳುತ್ತಾನೆ. ಬಿದ್ದವನು ಮೇಲೆ ಬರುವುದಿಲ್ಲ. ಉಳಿದ ಮೂವರೂ ಬಾಯಿ ಬಿಡುವುದಿಲ್ಲ. 2018ರಲ್ಲಿ ಖಣಿಯ ನೀರು ಹೊರಹಾಕಿಸಿದಾಗ ಎಲುಬು ಸಿಗುತ್ತವೆ. ಅಷ್ಟೊತ್ತಿಗೆ ಒಬ್ಬ ಪಿಎಸ್‌ಐ, ಒಬ್ಬ ಗುತ್ತಿಗೆದಾರ, ಇನ್ನೊಬ್ಬ ಪುಣೆಯಲ್ಲಿ ದುಡಿಯುತ್ತಿದ್ದಾನೆ. 'ತಳ್ಳಿದವನಿಗೆ ಕೊನೆಗೆ ಗಲ್ಲು ಆಗುತ್ತದೆ. ಅವನು ಯಾರೆಂಬುದನ್ನು ಕೊನೆಯ ಪುಟದವರೆಗೆ ಮುಚ್ಚಿಡಲೇ?' ಎಂದು ಕೇಳಿದ್ದಾರೆ.

ಶರಣು. ಮುಚ್ಚಿಡಬೇಡಿ. ಮೊದಲ ಅಧ್ಯಾಯದಲ್ಲೇ ಹೇಳಿಬಿಡಿ. ನಿಮ್ಮ ಕತೆಯಲ್ಲಿ ಅದಕ್ಕಿಂತ ದೊಡ್ಡ ಗುಟ್ಟುಗಳಿವೆ.

ಗಲ್ಲಿನ ವಿಷಯ ಮೊದಲು ನೋಡೋಣ. ಕೊಲೆ ಪ್ರಕರಣಕ್ಕೆ ಕಾಲಮಿತಿ ಇಲ್ಲ. 25 ವರ್ಷದ ಮೇಲೂ ಕೇಸು ನಡೆಯಬಹುದು, ಅಲ್ಲಿಗೆ ನೀವು ಸರಿ. ಆದರೆ ಕಾನೂನು ನೋಡುವುದು ಅಪರಾಧ ನಡೆದ ದಿನದ ವಯಸ್ಸನ್ನು, ಸಿಕ್ಕಿಬಿದ್ದ ದಿನದ್ದನ್ನಲ್ಲ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2005ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. 1993ರಲ್ಲಿ ಜಾರಿಯಲ್ಲಿದ್ದ 1986ರ ಬಾಲ ನ್ಯಾಯ ಕಾಯ್ದೆಯಲ್ಲೂ 13ರ ಹುಡುಗನಿಗೆ ಗಲ್ಲು ಇರಲಿಲ್ಲ, ಜೈಲೂ ಇರಲಿಲ್ಲ. 38ರ ನಿಮ್ಮ ಆರೋಪಿಯ ಕೇಸು ಬಾಲ ನ್ಯಾಯ ಮಂಡಳಿಗೇ ಹೋಗಬೇಕು. ತಲೆ ನರೆತ ಗಂಡಸು ಮಕ್ಕಳ ಮಂಡಳಿಯ ಮುಂದೆ ನಿಲ್ಲುವ ಆ ದೃಶ್ಯವನ್ನು ದಯವಿಟ್ಟು ಬರೆಯಿರಿ.

ಈಗ ಪಿಎಸ್‌ಐ ಗೆಳೆಯನನ್ನು ನೋಡಿ. ತಾನೇ ಸಾಕ್ಷಿಯಾಗಿರುವ ಪ್ರಕರಣದ ತನಿಖೆ ಅವನು ಮಾಡುವಂತಿಲ್ಲ. ಮೇಲಧಿಕಾರಿಗೆ ಹೇಳಿ ಫೈಲು ಬಿಟ್ಟುಕೊಡಬೇಕು. ನಿಮ್ಮ ಕತೆಯಲ್ಲಿ ಅವನು ಫೈಲನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಪಂಚನಾಮೆ ತಿದ್ದುತ್ತಾನೆ. 13ರಲ್ಲಿ ತಳ್ಳಿದವನಿಗೆ ಕಾನೂನಿನಲ್ಲಿ ರಿಯಾಯಿತಿ ಇದೆ. 38ರಲ್ಲಿ ಸಾಕ್ಷ್ಯ ಅಳಿಸಿದವನಿಗೆ ಇಲ್ಲ. ಜೈಲಿಗೆ ಹೋಗುವವನು ತಳ್ಳಿದವನಲ್ಲ, ಗೆಳೆಯನನ್ನು ಕಾಪಾಡಲು ಹೋದವನು! ನಿಮ್ಮ ಕತೆಯ ನಿಜವಾದ ತಿರುವು ಇದೇ. ನೀವದನ್ನು ಅರ್ಧ ಪುಟದಲ್ಲಿ ದಾಟಿಬಿಟ್ಟಿದ್ದೀರಿ.

ಇನ್ನು ಆ ರಾತ್ರಿ. ಪತ್ರ ಓದುವಾಗ ನಾನು ತಾರೀಖಿನ ಹತ್ತಿರ ನಿಂತುಬಿಟ್ಟೆ. 1993ರ ಅನಂತ ಚತುರ್ದಶಿ ಎಂದರೆ ಸೆಪ್ಟೆಂಬರ್ 29. ಮರುದಿನ ನಸುಕಿನಲ್ಲಿ, ನಾಲ್ಕು ಗಂಟೆಯ ಹೊತ್ತಿಗೆ, ಕಿಲ್ಲಾರಿ ಭೂಕಂಪ. ಲಾತೂರು, ಉಸ್ಮಾನಾಬಾದ್ ಕಡೆ ಸಾವಿರಾರು ಜನ ಸತ್ತರು. ಕಲಬುರಗಿ, ಬೀದರ್ ಕಡೆಯೂ ನೆಲ ನಡುಗಿತು. ಇದರ ಬಗ್ಗೆ ನಿಮ್ಮ ಕತೆಯಲ್ಲಿ ಒಂದು ಸಾಲೂ ಇಲ್ಲ. ಗೆಳೆಯನನ್ನು ನೀರಿಗೆ ತಳ್ಳಿ ಮನೆಗೆ ಓಡಿಬಂದು, ಕೌದಿಯೊಳಗೆ ನಿದ್ದೆ ಬಾರದೆ ಮಲಗಿರುವ ಹುಡುಗ. ಒಮ್ಮೆಲೇ ಮನೆ ಅಲ್ಲಾಡುತ್ತದೆ. ತಾನು ಮಾಡಿದ್ದಕ್ಕೇ ಭೂಮಿ ನಡುಗಿತು ಅಂತ ಅವನಿಗೆ ಅನಿಸದೆ ಇರುತ್ತದಾ? ಊರಿಗೆ ಊರೇ ಭೂಕಂಪದ ಮಾತಾಡುವಾಗ ಒಂದು ಹುಡುಗ ಕಾಣೆಯಾದ ಸುದ್ದಿಗೆ ಕಿವಿಗೊಡುವವರು ಯಾರು? ಅವನ ತಾಯಿ ಠಾಣೆಯ ಬಾಗಿಲಲ್ಲಿ ಎಷ್ಟು ಹೊತ್ತು ಕೂತಿರಬೇಕು!

ಭೂಕಂಪದಿಂದ ಇನ್ನೊಂದು ತೊಡಕೂ ಬಿಡುತ್ತದೆ. ನೀರಿಗೆ ಬಿದ್ದ ಹೆಣ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಉಬ್ಬಿ ಮೇಲೆ ತೇಲುತ್ತದೆ. 25 ವರ್ಷ ತಳದಲ್ಲೇ ಉಳಿಯಲು ಕಾರಣ ಬೇಕು. ಖಣಿಯ ಅಂಚಿನಲ್ಲಿ ಒಡೆದು ಬಿಸಾಕಿದ ಕಲ್ಲಿನ ರಾಶಿ ಇರುತ್ತದಲ್ಲ, ನೆಲ ನಡುಗಿದಾಗ ಅದು ಜಾರಿ ನೀರಿಗೆ ಬಿತ್ತು ಎನ್ನಿ. ಇದು ಯಾರಿಗೂ ಗೊತ್ತಿಲ್ಲ. ಹೆಣ ತೇಲಲಿಲ್ಲ ಎಂದರೆ ಉಳಿದಿಬ್ಬರಲ್ಲಿ ಒಬ್ಬ ವಾಪಸ್ ಹೋಗಿ ಕಲ್ಲು ಕಟ್ಟಿ ಮುಳುಗಿಸಿದ್ದಾನೆ ಅಂತ ಮೂವರಲ್ಲಿ ಪ್ರತಿಯೊಬ್ಬನೂ 25 ವರ್ಷ ನಂಬಿಕೊಂಡಿದ್ದಾನೆ. ಗೆಳೆತನ ಹಾಳಾಗಿದ್ದು ಆ ಸಂಶಯದಿಂದ. ಕೊನೆಯ ಪುಟದವರೆಗೆ ಮುಚ್ಚಿಡಬೇಕಾದ ಗುಟ್ಟು ಇದು.

ಎಲುಬು ಆ ಹುಡುಗನದೇ ಎಂದು ತಿಳಿಯಲು ತಾಯಿಯ ರಕ್ತ ಬೇಕು, ಡಿಎನ್‌ಎ ಪರೀಕ್ಷೆಗೆ. ರಕ್ತ ಕೊಡಲು ಬಾ ಅಂತ ಅವಳನ್ನು ಕರೆಯಲು ಹೋಗುವವನು ಪಿಎಸ್‌ಐ ಗೆಳೆಯನೇ ಆಗಲಿ. ಚಿಕ್ಕಂದಿನಲ್ಲಿ ಆ ಮನೆಯ ರೊಟ್ಟಿ ತಿಂದವನು ಅವನು. 'ಆಯಿ' ಅಂತಲೇ ಕರೆಯುತ್ತಿದ್ದವನು. ನಿಮ್ಮ ಕತೆಯಲ್ಲಿ ತಾಯಿ ಒಮ್ಮೆ ಬಂದು ಅತ್ತು ಹೋಗುತ್ತಾಳೆ. ಅಷ್ಟು ಸಾಲದು. ಅವಳಿಗೊಂದು ಇಡೀ ಅಧ್ಯಾಯ ಕೊಡಿ, ಮಾತಾಡಲು ಬಿಡಿ.

ಹುಡುಗರ ಮಾತು ನಿಮ್ಮೂರಿನ ಮಾತಾಗಲಿ, ನಡುನಡುವೆ ದಖನಿ ಉರ್ದುವೂ ಬರಲಿ. ಈಗಿರುವುದು ಪಠ್ಯಪುಸ್ತಕದ ಕನ್ನಡ.

ತಾಯಿಯ ಅಧ್ಯಾಯವನ್ನು ಮೊದಲು ಬರೆದು ಕಳಿಸಿ. ನಾನೇ ಕೂತು ಓದುತ್ತೇನೆ.

-ಸಂ.