ಓದುಗರ ಪ್ರಶ್ನೆ: ಸ್ತ್ರುಫ್ಫೊಲಿಯನ್ನು ‘ಜೇನಿನ ಗುಳ್ಳಡಿಕಿ’ ಎನ್ನಬಹುದೇ?

ಪ್ರಶ್ನೆ: ಇಟಲಿಯ ಹಬ್ಬದ ಅಡುಗೆಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಸ್ತ್ರುಫ್ಫೊಲಿ’ ಎಂಬ ನೇಪಲ್ಸ್ ನಗರದ ಸಿಹಿಯ ಪ್ರಸ್ತಾಪವಿದೆ. ಹಿಟ್ಟಿನ ಸಣ್ಣ ಗುಳಿಗೆಗಳನ್ನು ಕರಿದು ಜೇನಿನಲ್ಲಿ ಕಲಸುತ್ತಾರಂತೆ. ನಮ್ಮ ಪಂಚಮಿಯ ಗುಳ್ಳಡಿಕಿ ಉಂಡಿಯನ್ನೇ ಇದು ಹೋಲುವುದರಿಂದ ‘ಜೇನಿನ ಗುಳ್ಳಡಿಕಿ’ ಎಂದು ಬರೆಯಬಹುದೇ?
— ಓದುಗರೊಬ್ಬರು, ಗದಗ

ಉತ್ತರ: ನೀವು ಗುರುತಿಸಿದ ಹೋಲಿಕೆ ನಿಜವಾದದ್ದು, ಅದನ್ನು ಬರಹದಲ್ಲಿ ಒಂದು ವಾಕ್ಯವಾಗಿ ಖಂಡಿತ ಹೇಳಿರಿ. ನೇಪಲ್ಸಿನವರು ಕ್ರಿಸ್‌ಮಸ್ ಹೊತ್ತಿಗೆ ಮೈದಾ, ಮೊಟ್ಟೆ, ತುಸು ಸಕ್ಕರೆ, ಬೆಣ್ಣೆ ಇಲ್ಲವೇ ಹಂದಿಯ ಕೊಬ್ಬು, ನಿಂಬೆ ಸಿಪ್ಪೆಯ ತುರಿ ಮತ್ತು ಸ್ವಲ್ಪ ಮದ್ಯ ಸೇರಿಸಿ ಹಿಟ್ಟನ್ನು ನಾದಿ, ಬೆರಳಿನಷ್ಟು ದಪ್ಪಗೆ ಉದ್ದಕ್ಕೆ ಹೊಸೆದು, ಕಡಲೆಕಾಳಿಗಿಂತ ಒಂದಿಷ್ಟು ದೊಡ್ಡದಾಗಿ ಕತ್ತರಿಸಿ ಕರಿಯುತ್ತಾರೆ. ಧಾರವಾಡ, ಗದಗ, ಹಾವೇರಿಯ ಮನೆಗಳಲ್ಲಿ ಶ್ರಾವಣದ ನಾಗರ ಪಂಚಮಿಗೆ ಗೋಧಿ ಹಿಟ್ಟಿನ ಗುಳ್ಳಡಿಕಿಯನ್ನು ಕರಿದು ಬೆಲ್ಲದ ಪಾಕಕ್ಕೆ ಹಾಕುವವರಿಗೆ ಆ ಕೈಕೆಲಸ ನೋಡಿದೊಡನೆ ಪರಿಚಿತವೆನಿಸುತ್ತದೆ.

ಆದರೂ ಹೆಸರನ್ನು ಬದಲಿಸಬೇಡಿರಿ ಎಂಬುದೇ ನನ್ನ ಸಲಹೆ. ಗುಳ್ಳಡಿಕಿ ಎಂದೊಡನೆ ನಮ್ಮ ಓದುಗರು ಅದನ್ನು ಮಡಿಯಲ್ಲಿ ಮಾಡಿ ನೈವೇದ್ಯಕ್ಕೂ ಇಡಬಹುದಾದ ತಿನಿಸೆಂದು ತಿಳಿಯುತ್ತಾರೆ. ಸ್ತ್ರುಫ್ಫೊಲಿಯಲ್ಲಿಯಾದರೋ ಮೊಟ್ಟೆ ಇದ್ದೇ ಇರುತ್ತದೆ, ಹಳೆಯ ಪದ್ಧತಿಯಲ್ಲಿ ಹಂದಿಯ ಕೊಬ್ಬೂ ಇರುತ್ತದೆ. ಸಸ್ಯಾಹಾರಿಗಳು ಬಹಳವಿರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯ ಕಾರಣ ಪಾಕದ್ದು. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್, ಅಂದರೆ ನಮ್ಮ ಸಾದಾ ಸಕ್ಕರೆಯ ಅಂಶವೇ ಇರುವುದರಿಂದ, ತಣ್ಣೀರಿನ ತಟ್ಟೆಗೆ ಬಿಟ್ಟ ಹನಿ ಉಂಡೆಗಟ್ಟುವವರೆಗೆ ಕುದಿಸಿದ ಪಾಕವು ಆರಿದಂತೆ ಬಿಗಿಯಾಗಿ ಗುಳ್ಳಡಿಕಿಯನ್ನು ಹಿಡಿದುಕೊಳ್ಳುತ್ತದೆ, ಆದ್ದರಿಂದಲೇ ಬಿಸಿಯಿರುವಾಗಲೇ ಕೈಗೆ ತುಪ್ಪ ಸವರಿಕೊಂಡು ಉಂಡಿ ಕಟ್ಟಬೇಕಾಗುತ್ತದೆ. ಜೇನಿನಲ್ಲಿ ಫ್ರಕ್ಟೋಸ್ ಮತ್ತು ಗ್ಲೂಕೋಸ್ ಎಂಬ ಬೇರೆ ಬಗೆಯ ಸಕ್ಕರೆಗಳು ಪ್ರಧಾನ. ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದಾದ್ದರಿಂದ ಬರೀ ಬಿಸಿ ಮಾಡಿದ ಜೇನು ಆರಿದ ಮೇಲೂ ಅಂಟಂಟಾಗಿಯೇ ಉಳಿಯುತ್ತದೆ. ಹೀಗಾಗಿ ನೇಪಲ್ಸಿನವರು ಅದನ್ನು ಬಿಡಿ ಉಂಡೆಗಳಾಗಿ ಕಟ್ಟದೆ ತಟ್ಟೆಯ ಮೇಲೆ ರಾಶಿಯಾಗಿಯೋ ಬಳೆಯಂತೆ ದುಂಡಗೆ ಜೋಡಿಸಿಯೋ, ಮೇಲೆ ಬಣ್ಣದ ಸಕ್ಕರೆ ಮಣಿಗಳನ್ನೂ ಸಕ್ಕರೆಯಲ್ಲಿ ಪಕ್ವಗೊಳಿಸಿದ ಹಣ್ಣಿನ ಚೂರುಗಳನ್ನೂ ಉದುರಿಸಿ ಇಡುತ್ತಾರೆ. ಉಂಡಿ ಕಟ್ಟುವ ಕೈ, ಬುತ್ತಿಯಲ್ಲಿಟ್ಟು ತವರಿನಿಂದ ಕಳಿಸುವ ರೂಢಿ, ಇವೆಲ್ಲ ಗುಳ್ಳಡಿಕಿಗೆ ಸೇರಿದವು. ಆ ಹೆಸರಿನ ಜೊತೆಗೆ ಅವೂ ಬಂದುಬಿಡುತ್ತವೆ.

ಇಟಲಿಯೊಳಗೇ ಈ ತಿನಿಸಿಗೆ ಒಂದೇ ಹೆಸರಿಲ್ಲ. ಮಧ್ಯ ಇಟಲಿಯ ಅಬ್ರುಝ್ಝೊ, ಉಂಬ್ರಿಯಾ, ಮಾರ್ಕೆ ಪ್ರಾಂತಗಳಲ್ಲಿ ಇದರ ಸೋದರನಂತಿರುವ ‘ಚಿಚೆರ್ಕ್ಯಾತಾ’ವನ್ನು ಕ್ರೈಸ್ತರ ಉಪವಾಸ ಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳಲ್ಲಿ ಮಾಡುತ್ತಾರೆ, ನಾವು ಕೇಸರಿ ಬೇಳೆ ಎನ್ನುವ ಕಾಳಿನ ಇಟಾಲಿಯನ್ ಹೆಸರಿನಿಂದ ಅದಕ್ಕೆ ಆ ಹೆಸರು ಬಂದಿದೆ. ನೀವು ‘ಜೇನಿನ ಗುಳ್ಳಡಿಕಿ’ ಎಂದರೆ ಎರಡೂ ಒಂದೇ ಆಗಿ, ಊರು ಮತ್ತು ಹಬ್ಬ ಎರಡೂ ಮರೆಯಾಗುತ್ತವೆ. ಬರೆಯುವಾಗ ‘ಸ್ಟ್ರುಫೋಲಿ’ ಎನ್ನದೆ ‘ಸ್ತ್ರುಫ್ಫೊಲಿ’ ಎಂದೇ ಬರೆಯಿರಿ, ಏಕೆಂದರೆ ಇಟಾಲಿಯನ್ನರ ತಕಾರ ನಮ್ಮದರಂತೆ ದಂತ್ಯ, ಫಕಾರಕ್ಕೆ ಒತ್ತೂ ಇದೆ. ಮೂಲದಲ್ಲಿಯೇ ಅದು ಬಹುವಚನವಾದ್ದರಿಂದ ‘ಗಳು’ ಸೇರಿಸುವ ಅಗತ್ಯವಿಲ್ಲ.

ಪ್ರಶ್ನೆ: ಮೊಟ್ಟೆಯಿಲ್ಲದೆ ಇದನ್ನು ಮನೆಯಲ್ಲಿ ಮಾಡಲು ಬರುತ್ತದೆಯೇ?
— ಓದುಗರೊಬ್ಬರು, ಹಾವೇರಿ

ಉತ್ತರ: ಬರುತ್ತದೆ, ಆದರೆ ಒಳಭಾಗ ಅಷ್ಟು ಹಗುರಾಗಿರುವುದಿಲ್ಲ, ಕರಿಯುವಾಗ ಮೊಟ್ಟೆ ಹಿಟ್ಟನ್ನು ಉಬ್ಬಿಸಿ ಹಿಡಿದಿಡುವ ಕೆಲಸ ಮಾಡುತ್ತದೆ. ಅದರ ಬದಲು 250 ಗ್ರಾಂ ಮೈದಾಕ್ಕೆ ಎರಡು ಚಮಚ ತುಪ್ಪ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ, ಒಂದು ನಿಂಬೆಯ ಹಳದಿ ಸಿಪ್ಪೆಯ ತುರಿ ಹಾಕಿ, ಗಟ್ಟಿ ಮೊಸರನ್ನು ಬೇಕಾದಷ್ಟೇ ಬೆರೆಸಿ ಪೂರಿಯ ಹಿಟ್ಟಿನಷ್ಟು ಬಿಗಿಯಾಗಿ ನಾದಿರಿ. ಅರ್ಧ ತಾಸು ಮುಚ್ಚಿಟ್ಟು, ಮಧ್ಯಮ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಕರಿಯಿರಿ. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. 150 ಗ್ರಾಂ ಜೇನಿಗೆ ಎರಡು ಚಮಚ ಸಕ್ಕರೆ ಸೇರಿಸಿ ಕರಗುವಷ್ಟು ಮಾತ್ರ ಬಿಸಿ ಮಾಡಿರಿ. ಹೆಚ್ಚು ಕುದಿಸಿದರೆ ಜೇನಿನ ಪರಿಮಳ ಹೋಗಿ ಕಹಿಯಾಗುತ್ತದೆ. ಮೇಲೆ ಉದುರಿಸಲು ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುವ ಬಣ್ಣದ ಸಕ್ಕರೆ ಲೇಪಿಸಿದ ಬಡೇಸೋಪು ಸಾಕು. ಹಣ್ಣಿನ ಚೂರಿನ ಬದಲು ಬೂದುಗುಂಬಳದ ‘ಪೇಠಾ’ ಸಿಹಿಯನ್ನು ಸಣ್ಣಗೆ ಹೆಚ್ಚಿ ಹಾಕಬಹುದು. ಮಳೆಗಾಲದಲ್ಲಿ ಇದು ಬೇಗ ತೇವ ಎಳೆದುಕೊಂಡು ಮೆತ್ತಗಾಗುವುದರಿಂದ, ಕರಿದ ಗುಳಿಗೆಗಳನ್ನು ಡಬ್ಬಿಯಲ್ಲಿ ತೆಗೆದಿಟ್ಟು ತಿನ್ನುವ ದಿನವೇ ಜೇನಿನಲ್ಲಿ ಕಲಸಿಕೊಳ್ಳಿರಿ.